ಜಪಾನಿಗೆ ಹೊರಟ ನಮ್ಮ ವಿದ್ಯಾರ್ಥಿಗಳು

ವಿದ್ಯೆಗಾಗಿ ಮನೆ ಬಿಡುವದು ನಮ್ಮ ಸೀಮೆಗೆ ಹೊಸದಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಧಾರವಾಡಕ್ಕೆ ಬಂದು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಕಲಿತ ಕಾಲವೊಂದಿತ್ತು. ಮುರುಘಾಮಠದ ಪ್ರಸಾದನಿಲಯದಂತಹ ಆಶ್ರಯಗಳು ಎಷ್ಟೋ ಬಡ ಮಕ್ಕಳ ಕೈ ಹಿಡಿದವು. ಗದಗಿನ ಭೀಮಸೇನ ಜೋಶಿಯವರು 1933ರಲ್ಲಿ, ಇನ್ನೂ ಹನ್ನೊಂದರ ಹುಡುಗರಿದ್ದಾಗ, ಗುರುವನ್ನು ಅರಸಿ ಮನೆ ಬಿಟ್ಟು ದೇಶವೆಲ್ಲ ಅಲೆದು, ಕೊನೆಗೆ 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿಯೇ ನೆಲೆ ಕಂಡರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಧಾರವಾಡದಿಂದ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಯಶಸ್ವಿಗಳಾಗಿ ಮರಳಿದರು. ಪರರ ಮನೆಯ ಅನ್ನ, ಪರರ ಊರಿನ ನೀರು, ಪರರ ರೀತಿ ನೀತಿ, ಇವುಗಳಿಗೆ ಒಗ್ಗಿಕೊಂಡೇ ನಮ್ಮ ಹಿರಿಯರು ವಿದ್ಯೆ ಗಳಿಸಿದರು.

ಆ ಪರಂಪರೆ ಈಗ ಪೂರ್ವದಿಕ್ಕಿಗೂ ಹರಿದಿದೆ. ಆ ದಿಕ್ಕಿಗೆ ಕಣ್ಣು ತೆರೆದ ಕನ್ನಡಿಗರಲ್ಲಿ ಮೊದಲಿಗರೆಂದರೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು 1898ರಲ್ಲಿ ಜಪಾನಿಗೆ ಹೋಗಿ, ಮೂವತ್ತೇ ವರ್ಷಗಳಲ್ಲಿ ಆ ದೇಶ ಶಿಕ್ಷಣ ಕೈಗಾರಿಕೆಗಳಿಂದ ತಲೆ ಎತ್ತಿ ನಿಂತ ಬಗೆಯನ್ನು ಕಣ್ಣಾರೆ ಕಂಡುಬಂದರು. ಅವರು ನೋಡಿಬರಲು ಹೋಗಿದ್ದರು. ಇಂದಿನ ಮಕ್ಕಳು ಅಲ್ಲಿ ಇದ್ದು ಕಲಿಯಲು ಹೋಗುತ್ತಾರೆ. ಜಪಾನ ಸರಕಾರವು 1954ರಿಂದಲೇ ಪರದೇಶದ ವಿದ್ಯಾರ್ಥಿಗಳಿಗೆ ವೇತನ ಕೊಡುತ್ತಲಿದೆ. ಅದರಲ್ಲಿ ಪದವಿ ವ್ಯಾಸಂಗಕ್ಕೆ, ಸಂಶೋಧನೆಗೆ, ಅಷ್ಟೇ ಅಲ್ಲ, ಶಾಲೆಯಲ್ಲಿ ಕಲಿಸುತ್ತಿರುವ ಶಿಕ್ಷಕರ ತರಬೇತಿಗೆ ಕೂಡ ಬೇರೆ ಬೇರೆ ವಿಭಾಗಗಳಿವೆ. 2014ರಲ್ಲಿ ಆರಂಭವಾದ ಸಕುರಾ ಸೈನ್ಸ್ ಯೋಜನೆಯಲ್ಲಿ ವಿಜ್ಞಾನದಲ್ಲಿ ಆಸಕ್ತಿಯುಳ್ಳ ಎಳೆಯರು ಅಲ್ಪಕಾಲದ ಭೆಟ್ಟಿಗೆ ಹೋಗಿಬರುತ್ತಾರೆ. 2018ರಲ್ಲಿ ಆರಂಭವಾದ ಏಷ್ಯಾ ಕಾಕೆಹಾಶಿ ಯೋಜನೆ ಭಾರತವೂ ಸೇರಿದಂತೆ ಏಷ್ಯದ ದೇಶಗಳ ಹೈಸ್ಕೂಲ ಮಕ್ಕಳನ್ನು ಜಪಾನಿನ ಶಾಲೆಗಳಲ್ಲಿ ಕೂಡಿಸಿತು. ಕಾಕೆಹಾಶಿ ಎಂದರೆ ಸೇತುವೆ.

ಇಂತಹ ಅವಕಾಶವೊಂದು ಹಳ್ಳಿಯ ಮನೆಗೆ ಬಂದಾಗ ಪಡಸಾಲೆಯಲ್ಲಿ ಏಳುವ ಪ್ರಶ್ನೆಗಳು ವಿಶ್ವವಿದ್ಯಾಲಯದ ಪ್ರಶ್ನೆಗಳಲ್ಲ. ಅಲ್ಲಿ ಏನು ಉಣ್ಣುತ್ತದೆ ಕೂಸು? ಇಂಗ್ಲಿಷೇ ಸರಿಯಾಗಿ ಬಾರದವನಿಗೆ ಜಪಾನಿ ಭಾಷೆ ಬಂದೀತೆ? ಹೆಣ್ಣು ಮಗಳನ್ನು ಹೇಗೆ ಕಳಿಸುವದು? ಹೊಲ ಒತ್ತೆ ಇಡಬೇಕಾದೀತೆ? ಇವು ಹಗುರಾದ ಪ್ರಶ್ನೆಗಳಲ್ಲ. ಇವಕ್ಕೆ ಸರಿಯಾದ ಉತ್ತರ ಸಿಗದೆ ಹೋದುದರಿಂದಲೇ ಬರೆಯದೆ ಉಳಿದ ಅರ್ಜಿಗಳಿವೆ. ಅವಸರದ ಉತ್ತರವನ್ನು ನಂಬಿ ಸಾಲದಲ್ಲಿ ಸಿಕ್ಕ ಮನೆಗಳೂ ಇವೆ. ಆದುದರಿಂದ ಈ ವಿಷಯವನ್ನು ಸಾವಧಾನವಾಗಿ, ಒಂದೊಂದಾಗಿ ನೋಡುವದು ಒಳಿತು.

ಭಾಷೆಯ ಬುತ್ತಿ

ಮೊದಲನೆಯ ಅಂಜಿಕೆ ಭಾಷೆಯದು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಲ್ಲಿ ಸಮಾಧಾನದ ಮಾತೊಂದಿದೆ. ಇಂಗ್ಲೆಂಡು ಅಮೇರಿಕೆಗಳಿಗೆ ಹೋಗುವಾಗ ಇಂಗ್ಲಿಷ್ ಮಾಧ್ಯಮದವನು ನಾಲ್ಕು ಹೆಜ್ಜೆ ಮುಂದಿರುತ್ತಾನೆ. ಜಪಾನಿನ ಬೀದಿಯಲ್ಲಿ, ಅಂಗಡಿಯಲ್ಲಿ, ಶಾಲೆಯ ಅಂಗಳದಲ್ಲಿ ಆ ಮುಂದಾಳ್ತನ ಬಹಳ ನಡೆಯದು. ಅಲ್ಲಿ ಎಲ್ಲರೂ ಅ ಆ ಇ ಈಯಿಂದಲೇ ಆರಂಭಿಸಬೇಕು. ಮತ್ತು ಆ ಆರಂಭದಲ್ಲಿ ಕನ್ನಡದ ಕೂಸಿಗೆ ಒಂದು ಗುಪ್ತಧನವಿದೆ.

ಜಪಾನಿ ಅಕ್ಷರಮಾಲೆಯ ಸ್ವರಗಳು ಐದು: ಅ, ಇ, ಉ, ಎ, ಒ. ಆಮೇಲೆ ಬರುವ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯನ್ನು ಬಾಯಿಪಾಠ ಮಾಡಿದವರಿಗೆ ಈ ಕ್ರಮ ಪರಿಚಿತವಾಗಿ ಕಾಣದೆ? ಕವರ್ಗದ ನಂತರ ಚವರ್ಗ ಬರಬೇಕಾದ ಎಡೆಯಲ್ಲಿ ಸಕಾರವಿದೆ. ಪವರ್ಗದ ಎಡೆಯಲ್ಲಿ ಹಕಾರವಿದೆ. ಈ ಹಕಾರ ಪ್ರಾಚೀನ ಜಪಾನಿಯಲ್ಲಿ ಪಕಾರವೇ ಆಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮಲ್ಲಿ ಪಾಲು ಹಾಲಾದಂತೆ, ಪಾವು ಹಾವಾದಂತೆ ಅಲ್ಲಿಯೂ ಆಯಿತು. ಈ ಸಾಮ್ಯ ಆಕಸ್ಮಿಕವಲ್ಲ. ದಕ್ಷಿಣ ಭಾರತದ ಬೋಧಿಸೇನನೆಂಬ ಬ್ರಾಹ್ಮಣ ಭಿಕ್ಷು 736ರಲ್ಲಿ ಜಪಾನಿಗೆ ಹೋದನು. 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ಮೂರ್ತಿಗೆ ನೇತ್ರೋನ್ಮೀಲನ ಮಾಡಿದವನು ಅವನೇ. ಕೂಕಾಯ್ ಎಂಬ ಜಪಾನೀ ಆಚಾರ್ಯನು ಒಂಬತ್ತನೆಯ ಶತಮಾನದ ಆದಿಯಲ್ಲಿ ಚೀನದಿಂದ ಸಿದ್ಧಂ ಲಿಪಿಯ ವಿದ್ಯೆಯನ್ನು ತಂದನು. ಸಂಸ್ಕೃತದ ವರ್ಣಕ್ರಮವನ್ನು ಬಲ್ಲ ಇಂತಹ ಭಿಕ್ಷುಗಳ ಅಧ್ಯಯನದ ಪ್ರಭಾವದಿಂದಲೇ ಸಾವಿರ ವರ್ಷಗಳ ಹಿಂದೆ ಅವರ ಅಕ್ಷರಗಳು ಹೀಗೆ ಸಾಲುಗೂಡಿದವು.

ವಾಕ್ಯರಚನೆಗೆ ಬಂದರಂತೂ ನಮ್ಮ ಮನೆಯಲ್ಲಿಯೇ ಇದ್ದಂತೆ ಆಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ನುಗ್ಗುತ್ತದೆ. ಜಪಾನಿಯಲ್ಲಿ ಕನ್ನಡದಂತೆ ಕೊನೆಗೆ ನಿಲ್ಲುತ್ತದೆ. ‘ಗಾಕ್ಕೋ ನಿ ಇಕಿಮಾಸು’ ಎಂದರೆ ‘ಶಾಲೆಗೆ ಹೋಗುತ್ತೇನೆ’. ಗಾಕ್ಕೋ ಎಂದರೆ ಶಾಲೆ. ‘ನಿ’ ಎಂಬದು ನಮ್ಮ ಚತುರ್ಥಿಯ ‘ಗೆ’. ‘ರಾಮು ನೊ ಹೊನ್’ ಎಂದರೆ ರಾಮುವಿನ ಪುಸ್ತಕ. ಇಲ್ಲಿ ‘ನೊ’ ಷಷ್ಠಿ. ಕೊನೆಗೆ ‘ಕ’ ಹಚ್ಚಿದರೆ ಪ್ರಶ್ನೆ: ‘ಇಕಿಮಾಸು ಕ’, ಹೋಗುತ್ತೀರಾ? ‘ಮೊ’ ಹಚ್ಚಿದರೆ ಸಮುಚ್ಚಯ: ‘ವತಾಶಿ ಮೊ’, ನಾನೂ. ನಮ್ಮ ‘ಎಂದು’ ಇದ್ದಂತೆ ಅವರದು ‘ತೊ’. ‘ನಿನ್ನೆ ಬಂದ ಮನುಷ್ಯ’ ಎಂಬ ಕೃದಂತ ವಿಶೇಷಣವನ್ನು ಅವರೂ ಹಾಗೆಯೇ ‘ಕಿನೋ ಕಿತಾ ಹಿತೊ’ ಎನ್ನುತ್ತಾರೆ. ‘ಯಾವನು ಬಂದನೋ ಅವನು’ ಎಂದು ಬಳಸಿ ಹೇಳಬೇಕಿಲ್ಲ. ‘ತಿಂದು ನೋಡು’ ಎಂಬದಕ್ಕೆ ಅವರ ‘ತಾಬೆತೆ ಮಿರು’ ಶಬ್ದಕ್ಕೆ ಶಬ್ದ ಸರಿ. ‘ಬರೆದಿಡು’, ‘ಮಾಡಿಬಿಡು’ ಎಂಬಂತಹ ನಮ್ಮ ಕೂಡು ಕ್ರಿಯಾಪದಗಳಿಗೂ ಅಲ್ಲಿ ಜೋಡಿಗಳಿವೆ.

ಹಳಗನ್ನಡ ಓದಿದವರಿಗೆ ಇನ್ನೊಂದು ಸೋಜಿಗ. ಹತ್ತಿರದ್ದಕ್ಕೆ ‘ಇದು’, ದೂರದ್ದಕ್ಕೆ ‘ಅದು’ ಎಂದು ನಾವು ಇಂದು ಎರಡೇ ಮಾತು ಬಳಸುತ್ತೇವೆ. ಹಳಗನ್ನಡದಲ್ಲಿ ನಡುವೆ ಇರುವದಕ್ಕೆ ‘ಉದು’ ಎಂಬ ಮೂರನೆಯ ಮಾತಿತ್ತು. ಇವಂ, ಉವಂ, ಅವಂ ಎಂದು ಮೂರು ರೂಪಗಳಿದ್ದವು. ಜಪಾನಿಯಲ್ಲಿ ಮಾತನಾಡುವವನ ಹತ್ತಿರದ್ದು ‘ಕೊರೆ’, ಕೇಳುವವನ ಹತ್ತಿರದ್ದು ‘ಸೊರೆ’, ಇಬ್ಬರಿಗೂ ದೂರವಾದದ್ದು ‘ಆರೆ’. ನಾವು ಕಳೆದುಕೊಂಡಂತಹ ಒಂದು ವ್ಯವಸ್ಥೆ ಅಲ್ಲಿ ಇಂದಿಗೂ ದಿನಬಳಕೆಯಲ್ಲಿದೆ. ಸುಸುಮು ಓನೊ ಎಂಬ ಜಪಾನೀ ಪಂಡಿತರು ಜಪಾನಿಗೂ ತಮಿಳಿಗೂ ರಕ್ತಸಂಬಂಧವಿದೆಯೆಂದು ವಾದಿಸಿದ್ದುಂಟು. ಬಹುತೇಕ ವಿದ್ವಾಂಸರು ಅದನ್ನು ಒಪ್ಪಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ನೆರೆಹೊರೆಯವರಲ್ಲಿ ಹೋಲಿಕೆ ಇರಬಾರದೆಂದಿಲ್ಲವಷ್ಟೆ. ಕಲಿಯುವವನಿಗೆ ಆ ಹೋಲಿಕೆಯೇ ಸಾಕು.

ಹಾಗೆಂದು ಹಾದಿ ಪೂರ್ಣ ಸರಳವಲ್ಲ. ಹಿರಗಾನಾ, ಕತಕಾನಾ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳು. ಇವನ್ನು ಶ್ರದ್ಧೆಯಿಂದ ಕುಳಿತರೆ ಒಂದು ತಿಂಗಳಲ್ಲಿ ಕಲಿಯಬಹುದು. ಚೀನದಿಂದ ಬಂದ ಕಾಂಜಿ ಚಿತ್ರಾಕ್ಷರಗಳದು ಬೇರೆ ಕಥೆ. ನಿತ್ಯಬಳಕೆಗೆ ಸರಕಾರ ಗೊತ್ತುಪಡಿಸಿದವೇ 2136. ಅಲ್ಲಿಯ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1026 ಮಾತ್ರ ಕಲಿಯುತ್ತಾರೆ. ಆದುದರಿಂದ ಹೊರಡುವ ಮೊದಲೇ ದಿನಕ್ಕೆ ಐದರಂತೆ ತಿದ್ದುವ ರೂಢಿ ಹಾಕಿಕೊಳ್ಳಬೇಕು. ಭಾಷಾಪ್ರಾವೀಣ್ಯದ ಪರೀಕ್ಷೆಯನ್ನು ಐದು ಮೆಟ್ಟಲುಗಳಲ್ಲಿ ನಡೆಸುತ್ತಾರೆ. ಬೆಂಗಳೂರಿನಲ್ಲಿಯೂ ಅದಕ್ಕೆ ಕೂಡಬಹುದು. ಕೊನೆಯ ಮೆಟ್ಟಲಾದ ಐದನೆಯದನ್ನು ಇಲ್ಲಿಯೇ ಹತ್ತಿ ಹೋದವನಿಗೆ ಮೊದಲ ಮೂರು ತಿಂಗಳ ಮೂಕತನ ಎಷ್ಟೋ ಕಡಿಮೆಯಾಗುತ್ತದೆ.

ಹೆಸರಿನ ವಿಷಯದಲ್ಲಿಯೂ ಒಂದು ಮಾತು. ಜಪಾನಿನಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ನಂತರ. ಅಡ್ಡಹೆಸರಿಲ್ಲದ ದಕ್ಷಿಣದವರು ಅವರ ಫಾರ್ಮುಗಳ ಮುಂದೆ ತೊಳಲಾಡುತ್ತಾರೆ. ನಮ್ಮ ಕಡೆಯವರಿಗೆ ಆ ತೊಂದರೆಯಿಲ್ಲ. ಆದರೆ ಅವರ ಭಾಷೆಯಲ್ಲಿ ಲಕಾರವಿಲ್ಲ. ರಲಗಳಿಗೆ ಅಭೇದವೆಂಬ ನಮ್ಮ ವೈಯಾಕರಣರ ಮಾತನ್ನು ಅವರು ಅಕ್ಷರಶಃ ನಡೆಸುತ್ತಾರೆ. ಪಾಟೀಲ ಪಾಟಿರು ಆಗುತ್ತಾನೆ. ಕುಲಕರ್ಣಿ ಕುರುಕರುನಿ ಆಗುತ್ತಾನೆ. ಇದಕ್ಕೆ ಮುನಿಯಬಾರದು. ಹೆಸರಿನ ಮುಂದೆ ಅವರು ಗೌರವದಿಂದ ‘ಸಾನ್’ ಹಚ್ಚುತ್ತಾರೆ. ನಾವು ನಮ್ಮ ಹೆಸರಿಗೆ ನಾವೇ ಅದನ್ನು ಹಚ್ಚಿಕೊಳ್ಳಬಾರದು.

ಮಾತಿನ ಹಿಂದಿನ ಮಾತು

ಶಬ್ದಾರ್ಥ ತಿಳಿದರೂ ಭಾವಾರ್ಥ ತಿಳಿಯುವದು ತಡವಾಗುತ್ತದೆ. ಜಪಾನಿಗರು ‘ಇಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವದು ಅಪರೂಪ. ‘ಚೊತ್ತೊ’ ಎಂದರೆ ‘ಸ್ವಲ್ಪ’. ಏನನ್ನಾದರೂ ಕೇಳಿದಾಗ ಅವರು ‘ಚೊತ್ತೊ...’ ಎಂದು ಎಳೆದು ನಿಲ್ಲಿಸಿದರೆ ಆಗದು ಎಂದು ತಿಳಿಯಬೇಕು. ‘ವಿಚಾರ ಮಾಡುತ್ತೇವೆ’ ಎಂದರೂ ಬಹುಶಃ ಅದೇ. ಇದು ನಮಗೆ ತೀರ ಅಪರಿಚಿತವೇನು? ಲಗ್ನದ ಮಾತುಕತೆಯಲ್ಲಿ ಹಿರಿಯರು ‘ನೋಡೂಣು ತಗೋರಿ’ ಎಂದು ಎದ್ದರೆ ನಮ್ಮಲ್ಲಿ ಯಾರೂ ಮರುದಿನ ತೆಂಗಿನಕಾಯಿ ತರುವದಿಲ್ಲ.

ಹಾಗೆಯೇ ಅವರು ಮಾತುಮಾತಿಗೆ ‘ಹಾಯ್, ಹಾಯ್’ ಎಂದರೆ ಒಪ್ಪಿದರೆಂದು ಅರ್ಥವಲ್ಲ; ಕೇಳುತ್ತಿದ್ದೇನೆ ಎಂದಷ್ಟೇ ಅರ್ಥ. ಕಥೆ ಹೇಳುವ ಅಜ್ಜಿಗೆ ಮಗು ‘ಹೂಂ’ಗುಟ್ಟುವಂತೆ ಅದು. ಈ ಹೂಂಗುಟ್ಟುವಿಕೆಗೆ ಅವರು ‘ಆಯ್‌ಜುಚಿ’ ಎನ್ನುತ್ತಾರೆ. ಕಮ್ಮಾರನ ಕುಲುಮೆಯಲ್ಲಿ ಯಜಮಾನನ ಪೆಟ್ಟಿಗೆ ಎದುರಾಳು ಸರಿಯಾಗಿ ಪೆಟ್ಟು ಹಾಕುತ್ತಾನಲ್ಲ, ಅದರ ಹೆಸರೇ ಇದು. ನಮ್ಮ ಹುಡುಗರು ಪರಸ್ಥಳದಲ್ಲಿ ಸಂಕೋಚದಿಂದ ಸುಮ್ಮನೆ ಕುಳಿತು ಕೇಳುತ್ತಾರೆ. ಎದುರಿನವರಿಗೆ ಅದು ನಿರಾಸಕ್ತಿಯಾಗಿ ಕಾಣುತ್ತದೆ. ಎದುರುಪೆಟ್ಟು ಹಾಕಲು ಕಲಿತರೆ ಅರ್ಧ ಸ್ನೇಹ ಆದಂತೆಯೇ.

ಧಾರವಾಡದವರ ‘ರಿ’ಕಾರ ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಿರಿಯರೊಡನೆ ‘ಹೌದ್ರಿ’, ‘ಬರ್ರಿ’. ಗೆಳೆಯನೊಡನೆ ‘ಹೌದಲೇ’, ‘ಬಾರಲೇ’. ಜಪಾನಿಯಲ್ಲಿಯೂ ಕ್ರಿಯಾಪದದ ಕೊನೆಯಲ್ಲಿಯೇ ಮರ್ಯಾದೆ ಅಡಗಿದೆ. ಶಾಲೆಯಲ್ಲಿ ಒಂದು ವರ್ಷ ಹಿರಿಯನಾದವನು ‘ಸೆನ್‌ಪಾಯ್’, ಕಿರಿಯನು ‘ಕೋಹಾಯ್’. ಅವರ ನಡುವಿನ ಮಾತಿನ ಧಾಟಿಯೇ ಬೇರೆ. ಈ ಭೇದವನ್ನು ಇಂಗ್ಲಿಷರಿಗೆ ಪುಟಗಟ್ಟಲೆ ವಿವರಿಸಬೇಕು. ನಮ್ಮ ಮಗುವಿಗೆ ಮನೆಯಲ್ಲಿ ತಾಯಿಯೇ ಕಲಿಸಿರುತ್ತಾಳೆ.

ಮನೆ ಮತ್ತು ಶಾಲೆ

ಹೈಸ್ಕೂಲಿನ ವಿನಿಮಯ ವಿದ್ಯಾರ್ಥಿ ಸಾಮಾನ್ಯವಾಗಿ ಒಂದು ಕುಟುಂಬದ ಮನೆಯಲ್ಲಿ ಅಥವಾ ಶಾಲೆಯ ವಸತಿಗೃಹದಲ್ಲಿ ಇರುತ್ತಾನೆ. ಮನೆಯ ಬಾಗಿಲೊಳಗೆ ಒಂದು ತಗ್ಗು ಎಡೆ. ಅಲ್ಲಿ ಪಾದರಕ್ಷೆ ಬಿಟ್ಟು ಮೇಲೆ ಹತ್ತಬೇಕು. ಬಿಟ್ಟ ಜೋಡುಗಳ ಮುಖ ಬಾಗಿಲ ಕಡೆಗೆ ತಿರುಗಿಸಿ ಇಡುವದು ಸಭ್ಯತೆ. ಶೌಚಗೃಹಕ್ಕೆ ಬೇರೆಯೇ ಚಪ್ಪಲಿ. ಅದನ್ನು ಮೆಟ್ಟಿಕೊಂಡು ಪಡಸಾಲೆಗೆ ಬರಬಾರದು. ಸ್ನಾನದ ಕ್ರಮವನ್ನು ಮೊದಲ ದಿನವೇ ತಿಳಿಯಬೇಕು: ತೊಟ್ಟಿಯ ಹೊರಗೆ ಕುಳಿತು ಮೈ ಪೂರ್ಣ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಸುಮ್ಮನೆ ಕುಳಿತು ಏಳುವದು. ಅದೇ ನೀರಿನಲ್ಲಿ ಮನೆಯವರೆಲ್ಲ ಸರದಿಯಂತೆ ಕುಳಿತುಕೊಳ್ಳುತ್ತಾರೆ. ಒಬ್ಬನ ಸ್ನಾನ ಮುಗಿಯಿತೆಂದು ನೀರು ಬಿಟ್ಟುಬಿಟ್ಟರೆ ಉಳಿದವರು ತಣ್ಣಗೆ ಮಲಗಬೇಕಾಗುತ್ತದೆ.

ಊಟಕ್ಕೆ ಕುಳಿತಾಗ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು. ಅದು ಸತ್ತವರಿಗೆ ಎಡೆ ಇಡುವ ರೀತಿ. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು. ದಹನದ ನಂತರ ಅಸ್ಥಿಗಳನ್ನು ಹಾಗೆ ಎತ್ತುತ್ತಾರೆ. ಪಿಂಡ, ಅಸ್ಥಿಸಂಚಯನಗಳನ್ನು ಬಲ್ಲ ನಮಗೆ ಈ ನಿಷೇಧ ಒಂದೇ ಮಾತಿನಲ್ಲಿ ಮನಸ್ಸಿಗೆ ಇಳಿಯುತ್ತದೆ.

ಕಸದ ವಿಷಯವನ್ನು ಹಗುರಾಗಿ ಎಣಿಸಬಾರದು. ಸುಡುವ ಕಸ, ಪ್ಲಾಸ್ಟಿಕ್, ಸೀಸೆ, ಡಬ್ಬಿ, ಕಾಗದ, ಪ್ರತಿಯೊಂದಕ್ಕೂ ಬೇರೆ ದಿನ. ತಪ್ಪಿದ ದಿನ ಇಟ್ಟ ಚೀಲವನ್ನು ಒಯ್ಯದೆ ಬಿಟ್ಟುಹೋಗುತ್ತಾರೆ. ಓಣಿಯವರೆಲ್ಲ ಅದನ್ನು ನೋಡುತ್ತಾರೆ. ಒಂಟಿಯಾಗಿ ಕೋಣೆ ಹಿಡಿದ ವಿದ್ಯಾರ್ಥಿಗೂ ನೆರೆಯವರಿಗೂ ಬರುವ ಮನಸ್ತಾಪಗಳಲ್ಲಿ ಬಹಳಷ್ಟು ಕಸದಿಂದ ಅಥವಾ ರಾತ್ರಿಯ ಸಪ್ಪಳದಿಂದ ಹುಟ್ಟಿದವು.

ಶಾಲೆಯ ವರ್ಷ ಏಪ್ರಿಲಿನಲ್ಲಿ ಆರಂಭವಾಗಿ ಮಾರ್ಚಿನಲ್ಲಿ ಮುಗಿಯುತ್ತದೆ. ಪಾಠಕ್ಕೆ ಮೊದಲು ಎದ್ದು ನಿಂತು ಬಾಗಿ ನಮಸ್ಕರಿಸುವದುಂಟು. ಪಾಠ ಮುಗಿದ ಮೇಲೆ ಮಕ್ಕಳೇ ಕಸಬರಿಗೆ, ಅರಿವೆ ಹಿಡಿದು ವರ್ಗವನ್ನೂ ಮೊಗಸಾಲೆಯನ್ನೂ ಒರೆಸುತ್ತಾರೆ. ಇದನ್ನು ಶಿಕ್ಷೆಯೆಂದಾಗಲಿ ಕೀಳು ಕೆಲಸವೆಂದಾಗಲಿ ಅಲ್ಲಿ ಯಾರೂ ಎಣಿಸುವದಿಲ್ಲ. ನಮ್ಮಲ್ಲಿ ಮಕ್ಕಳ ಕೈಯಲ್ಲಿ ಕಸಬರಿಗೆ ಕೊಟ್ಟರೆ ಪಾಲಕರು ಸಿಟ್ಟಾಗುವದಕ್ಕೆ ಕಾರಣವುಂಟು. ಆ ಕೆಲಸ ಕೆಲವೇ ಮಕ್ಕಳ ಪಾಲಿಗೆ ಬರುತ್ತಿತ್ತು ಎಂಬ ನೋವಿನ ನೆನಪು ನಮ್ಮ ಸಮಾಜಕ್ಕಿದೆ. ಅಲ್ಲಿ ಎಲ್ಲರಿಗೂ ಸರದಿ ಬರುತ್ತದೆ, ಯಾರಿಗೂ ತಪ್ಪುವದಿಲ್ಲ. ಆ ಸಮತೆಯೇ ಅದರ ಸತ್ವ. ಆಮೇಲೆ ‘ಬುಕಾತ್ಸು’, ಎಂದರೆ ಆಟ, ಸಂಗೀತ, ಬಾಣವಿದ್ಯೆ, ಲೇಖನಕಲೆಗಳ ಸಂಘಗಳು. ಹೊಸ ವಿದ್ಯಾರ್ಥಿಗೆ ಗೆಳೆಯರು ಸಿಗುವದು ವರ್ಗದಲ್ಲಿ ಅಲ್ಲ, ಈ ಸಂಘಗಳಲ್ಲಿ. ಭಾಷೆ ಬಾರದಿದ್ದರೂ ಚೆಂಡು ಎಸೆಯಬಹುದು, ತಾಳ ಹಾಕಬಹುದು.

ರೇಡಿಯೋ ಪ್ರಿಯರಿಗೆ ಸಂತೋಷ ತರುವ ಸಂಗತಿಯೊಂದಿದೆ. ಅಲ್ಲಿಯ ರಾಷ್ಟ್ರೀಯ ಬಾನುಲಿ ಸಂಸ್ಥೆ ಎನ್‌ಎಚ್‌ಕೆ 1928ರಲ್ಲಿ ರೇಡಿಯೋ ವ್ಯಾಯಾಮವನ್ನು ಆರಂಭಿಸಿತು. ಇಂದಿಗೂ ಬೆಳಿಗ್ಗೆ 6 ಗಂಟೆ 30 ನಿಮಿಷಕ್ಕೆ ಪಿಯಾನೋ ವಾದ್ಯದೊಡನೆ ಅದು ಕೇಳಿಬರುತ್ತದೆ. ಬೇಸಿಗೆಯ ರಜೆಯಲ್ಲಿ ಓಣಿಯ ಮಕ್ಕಳೂ ಮುದುಕರೂ ಉದ್ಯಾನದಲ್ಲಿ ಕೂಡಿ ಆ ಧ್ವನಿಗೆ ಕೈ ಕಾಲು ಆಡಿಸುವದುಂಟು. ಪರದೇಶದ ಹುಡುಗ ಒಂದು ಮಾತೂ ಬಾರದೆ ಊರವರ ನಡುವೆ ನಿಲ್ಲಬಹುದಾದ ಸ್ಥಳ ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ.

ಸಮಯಪಾಲನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೈಲು ತಡವಾದರೆ ರೈಲ್ವೆಯವರೇ ತಡವಾದುದಕ್ಕೆ ಚೀಟಿ ಕೊಡುತ್ತಾರೆ. ಅದನ್ನು ಶಾಲೆಯಲ್ಲಿ ತೋರಿಸಬೇಕು. ಚೀಟಿ ಇಲ್ಲದ ತಡಕ್ಕೆ ಹೊಣೆಗಾರ ವಿದ್ಯಾರ್ಥಿಯೇ.

ಅನ್ನದ ಚಿಂತೆ

ತಾಯಂದಿರ ಮೊದಲ ಪ್ರಶ್ನೆ ಇದು, ಮತ್ತು ಇದು ನಿಜವಾಗಿಯೂ ಕಠಿಣವಾದದ್ದು. ಅಲ್ಲಿ ಮುಖ್ಯ ಆಹಾರ ಅನ್ನವೇ; ಕಲಘಟಗಿಯ ಭತ್ತದ ಸೀಮೆಯವರಿಗೆ ಅದು ನೆಮ್ಮದಿಯ ಮಾತು. ಆದರೆ ಸಾರು, ಪಲ್ಯ, ಶಾವಿಗೆಯ ರಸ ಮುಂತಾದವುಗಳ ತಳದಲ್ಲಿ ‘ದಾಶಿ’ ಎಂಬ ಕಷಾಯವಿರುತ್ತದೆ. ಸಾಮಾನ್ಯವಾಗಿ ಅದು ಒಣಗಿಸಿದ ಮೀನಿನಿಂದಲೂ ಕೊಂಬು ಎಂಬ ಸಮುದ್ರದ ಸೊಪ್ಪಿನಿಂದಲೂ ಮಾಡಿದ್ದು. ‘ಮಾಂಸ ತಿನ್ನುವದಿಲ್ಲ’ ಎಂದರೆ ಅವರು ಮಾಂಸ ತೆಗೆದು ಮೀನು ಬಡಿಸುತ್ತಾರೆ. ಮೀನೂ ಬೇಡವೆಂದರೆ ತುಂಡು ತೆಗೆದು ರಸ ಬಡಿಸುತ್ತಾರೆ. ಇದು ಅನಾದರವಲ್ಲ. ರಸದಲ್ಲಿ ಮೀನಿದೆ ಎಂಬದು ಅವರ ಲೆಕ್ಕಕ್ಕೇ ಬರುವದಿಲ್ಲ. ಆದುದರಿಂದ ‘ನಿಕು’ ಮಾಂಸ, ‘ಸಕಾನಾ’ ಮೀನು, ‘ತಮಾಗೊ’ ತತ್ತಿ, ‘ದಾಶಿ’, ಈ ನಾಲ್ಕನ್ನೂ ಹೆಸರು ಹಿಡಿದು ಹೇಳುವ ಚೀಟಿಯೊಂದನ್ನು ಜಪಾನಿಯಲ್ಲಿ ಬರೆಸಿ ಜೇಬಿನಲ್ಲಿಡಬೇಕು. ಅರ್ಜಿಯಲ್ಲಿಯೇ ಇದನ್ನು ಸ್ಪಷ್ಟವಾಗಿ ನಮೂದಿಸಬೇಕು. ಸಂಕೋಚದಿಂದ ‘ಏನಾದರೂ ನಡೆಯುತ್ತದೆ’ ಎಂದು ಬರೆಯಬಾರದು.

ಸಸ್ಯಾಹಾರ ಆ ದೇಶಕ್ಕೆ ಅಪರಿಚಿತವಾದದ್ದೇನೂ ಅಲ್ಲ. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸವನ್ನು ನಿಷೇಧಿಸಿದನು. ಮುಂದೆ ಸಾವಿರ ವರ್ಷಗಳಿಗೂ ಮಿಕ್ಕಿ ಆ ದೇಶದಲ್ಲಿ ಮಾಂಸದ ಬಗ್ಗೆ ಒಂದು ಹಿಂಜರಿಕೆ ಉಳಿಯಿತು. 1872ರಲ್ಲಿ ಮೇಯ್ಜಿ ಚಕ್ರವರ್ತಿಯೇ ಬಹಿರಂಗವಾಗಿ ಗೋಮಾಂಸ ತಿಂದ ಮೇಲೆ ಗಾಳಿ ತಿರುಗಿತು. ಬೌದ್ಧ ಮಠಗಳ ‘ಶೋಜಿನ್’ ಅಡಿಗೆಯಲ್ಲಿ ಇಂದಿಗೂ ಮೀನು ಮಾಂಸಗಳಿಲ್ಲ. ಉಳ್ಳಾಗಡ್ಡಿ ಬೆಳ್ಳುಳ್ಳಿಗಳೂ ಇಲ್ಲ. ‘ನಾನು ಶೋಜಿನ್ ಊಟದವನು’ ಎಂದರೆ ಹಿರಿಯ ತಲೆಮಾರಿನವರಿಗೆ ತಟ್ಟನೆ ಅರ್ಥವಾಗುತ್ತದೆ.

ಕಡಕ್ ರೊಟ್ಟಿ, ಶೇಂಗಾಪುಡಿ, ಅಗಸಿಪುಡಿಗಳು ಮೊದಲ ತಿಂಗಳಿಗೆ ದೊಡ್ಡ ಆಸರೆ. ಆದರೆ ಮಾಂಸ ಪದಾರ್ಥ, ಹಸಿ ಹಣ್ಣು ಕಾಯಿಪಲ್ಯ, ಬಿತ್ತುವ ಬೀಜ, ಕಾಳುಗಳಿಗೆ ಅಲ್ಲಿ ಕಟ್ಟುನಿಟ್ಟಾದ ತಪಾಸಣೆಯಿದೆ, ಪ್ರಮಾಣಪತ್ರವಿಲ್ಲದೆ ಒಯ್ಯಬಾರದು. ಔಷಧದ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ನೆಗಡಿಗೆ ಸಹಜವಾಗಿ ಕೊಡುವ ಕೆಲವು ಗುಳಿಗೆಗಳಲ್ಲಿಯ ದ್ರವ್ಯಗಳನ್ನು ಅಲ್ಲಿಯ ಕಾಯದೆ ನಿಷೇಧಿಸಿದೆ ಅಥವಾ ಮಿತಿಗೊಳಪಡಿಸಿದೆ. ವೈದ್ಯರು ಬರೆದುಕೊಟ್ಟ ಔಷಧವನ್ನೂ ಸಾಮಾನ್ಯವಾಗಿ ಒಂದು ತಿಂಗಳಿಗಾಗುವಷ್ಟೇ ಒಯ್ಯಬಹುದು. ಹೆಚ್ಚಿಗೆ ಬೇಕಾದರೆ ಮೊದಲೇ ಅಪ್ಪಣೆ ಪಡೆಯಬೇಕು.

ಮನೆಯವರಿಗೆ ಕಾಣಿಕೆ ಒಯ್ಯುವದು ಅಲ್ಲಿಯ ಪದ್ಧತಿ. ಬೆಲೆ ದೊಡ್ಡದಿರಬೇಕಿಲ್ಲ, ಊರಿನ ಗುರುತಿರಬೇಕು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ನವಲಗುಂದದ ಜಮಖಾನೆಯ ಒಂದು ಸಣ್ಣ ತುಂಡು, ಕಲಘಟಗಿಯ ಬಣ್ಣದ ತೊಟ್ಟಿಲಿನ ಪುಟ್ಟ ಮಾದರಿ, ಇಂತಹವು ಯಾವ ಬೆಳ್ಳಿಯ ಡಬ್ಬಿಗಿಂತಲೂ ಹೆಚ್ಚು ಮಾತನಾಡುತ್ತವೆ. ಆದರೆ ಆ ಮಾತನ್ನು ಹೇಳಲು ವಿದ್ಯಾರ್ಥಿಗೆ ತನ್ನ ಊರಿನ ಬಗ್ಗೆ ನಾಲ್ಕು ಸಂಗತಿ ಗೊತ್ತಿರಬೇಕು. ಅಣ್ಣಿಗೇರಿಯ ಹುಡುಗನಿಗೆ ಪಂಪನ ಸಂಬಂಧ ತನ್ನ ಊರಿಗಿದೆ ಎಂಬದನ್ನು ಜಪಾನಿನವರು ಕೇಳಿದ ಮೇಲೆ ತಿಳಿದುಕೊಳ್ಳುವ ಪ್ರಸಂಗ ಬರಬಾರದು.

ಕಾಗದ, ದುಡ್ಡು, ಸಾಲ

ಕಾಗದಪತ್ರಗಳ ಕ್ರಮ ಸರಳವಾಗಿದೆ. ಸೇರಿಸಿಕೊಂಡ ಶಾಲೆಯ ಮುಖಾಂತರ ಅಲ್ಲಿಯ ವಲಸೆ ಇಲಾಖೆಯ ಅರ್ಹತಾಪತ್ರ ಬರುತ್ತದೆ. ಅದರ ಆಧಾರದ ಮೇಲೆ ಇಲ್ಲಿ ವೀಸಾ. ದೊಡ್ಡ ವಿಮಾನನಿಲ್ದಾಣದಲ್ಲಿ ಇಳಿದಾಗಲೇ ನಿವಾಸದ ಕಾರ್ಡು ಕೊಡುತ್ತಾರೆ. ಮನೆ ಸೇರಿದ 14 ದಿನಗಳೊಳಗೆ ಊರಿನ ಪೌರ ಕಚೇರಿಗೆ ಹೋಗಿ ವಿಳಾಸ ನೋಂದಿಸಬೇಕು. ಮೂರು ತಿಂಗಳಿಗಿಂತ ಹೆಚ್ಚು ಇರುವವರು ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ಸೇರಿದವರು ಚಿಕಿತ್ಸೆಯ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಷ್ಟನ್ನು ಮಾತ್ರ ಕೊಡುತ್ತಾರೆ. ಪೋಲೀಸರಿಗೆ 110, ಬೆಂಕಿ ಮತ್ತು ಅಂಬ್ಯುಲೆನ್ಸಿಗೆ 119, ಈ ಎರಡು ಸಂಖ್ಯೆಗಳು ಬಾಯಿಪಾಠವಿರಬೇಕು. ಭೂಕಂಪ ಅಲ್ಲಿ ನಿತ್ಯದ ನೆಂಟ. ನೆಲ ನಡುಗಿದರೆ ಮೇಜಿನ ಕೆಳಗೆ ಸರಿದು ತಲೆ ಕಾಯ್ದುಕೊಳ್ಳಬೇಕೆಂದು ಶಾಲೆಯಲ್ಲಿಯೇ ಅಭ್ಯಾಸ ಮಾಡಿಸುತ್ತಾರೆ. ಆ ಅಭ್ಯಾಸವನ್ನು ನಗೆಯಾಡದೆ ಕಲಿಯಬೇಕು.

ಇನ್ನು ದುಡ್ಡು. ಇಲ್ಲಿ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ವಿದ್ಯಾರ್ಥಿವೇತನದಿಂದ ಅಥವಾ ಶಾಲೆ ಶಾಲೆಗಳ ವಿನಿಮಯದಿಂದ ಹೋಗುವದು ಒಂದು. ದಲ್ಲಾಳಿಯ ಮುಖಾಂತರ ದುಡ್ಡು ಕಟ್ಟಿ ಯಾವುದೋ ಭಾಷಾಶಾಲೆಗೆ ಸೇರುವದು ಇನ್ನೊಂದು. ಎರಡನೆಯ ದಾರಿಯಲ್ಲಿ ಒಳ್ಳೆಯ ಶಾಲೆಗಳೂ ಇವೆ. ಆದರೆ ‘ಅಲ್ಲಿ ದುಡಿದು ಆರು ತಿಂಗಳಲ್ಲಿ ಸಾಲ ತೀರಿಸಬಹುದು’ ಎಂಬ ಮಾತನ್ನು ನಂಬುವ ಮೊದಲು ಲೆಕ್ಕ ಹಾಕಬೇಕು. ವಿದ್ಯಾರ್ಥಿ ಪ್ರತ್ಯೇಕ ಅಪ್ಪಣೆ ಪಡೆದು ವಾರಕ್ಕೆ 28 ತಾಸು ಮಾತ್ರ ದುಡಿಯಬಹುದು. ದೀರ್ಘ ರಜೆಯಲ್ಲಿ ದಿನಕ್ಕೆ 8 ತಾಸು. ಆ ಗಳಿಕೆ ಕೋಣೆಯ ಬಾಡಿಗೆ ಊಟಗಳಿಗೆ ಸಾಲುವದೇ ಕಷ್ಟ. ಸಾಲದ ಕಂತಿಗಾಗಿ ಕದ್ದು ಹೆಚ್ಚು ದುಡಿದರೆ ವಾಸದ ಅಪ್ಪಣೆಯೇ ರದ್ದಾಗಬಹುದು. ಆಗ ವಿದ್ಯೆಯೂ ಇಲ್ಲ, ಹೊಲವೂ ಇಲ್ಲ. ಎರೆಭೂಮಿಯ ನಾಲ್ಕು ಎಕರೆಯನ್ನು ಒತ್ತೆ ಇಡುವ ಮೊದಲು ಬೆಂಗಳೂರಿನಲ್ಲಿರುವ ಜಪಾನಿನ ರಾಜತಾಂತ್ರಿಕ ಕಚೇರಿಯಿಂದ ನೇರವಾಗಿ ಮಾಹಿತಿ ಕೇಳಿ ಪಡೆಯುವದು ಜಾಣತನ. ಸರಕಾರದ ವಿದ್ಯಾರ್ಥಿವೇತನದ ಅರ್ಜಿಗೆ ದಲ್ಲಾಳಿ ಬೇಕಿಲ್ಲ.

ಹೈಸ್ಕೂಲಿನವರು ಒಂದು ವರ್ಷ ಹೋಗುವದಾದರೆ, ಮರಳಿದ ಮೇಲೆ ಯಾವ ವರ್ಗಕ್ಕೆ ಕುಳಿತುಕೊಳ್ಳಬೇಕು ಎಂಬದನ್ನು ತಮ್ಮ ಶಾಲೆಯಿಂದ ಲಿಖಿತವಾಗಿ ತಿಳಿದುಕೊಂಡೇ ಹೊರಡಬೇಕು. ಒಂದು ವರ್ಷ ಹಿಂದೆ ಬಿದ್ದರೂ ನಷ್ಟವಲ್ಲ ಎಂಬ ನಿರ್ಧಾರ ಮನೆಯವರೆಲ್ಲ ಸೇರಿ ಮೊದಲೇ ಮಾಡಿರಬೇಕು.

ಮೂರನೆಯ ತಿಂಗಳು

ಪರದೇಶದಲ್ಲಿ ನೆಲೆಗೊಳ್ಳುವದರ ಬಗ್ಗೆ ನಾರ್ವೆಯ ಲೀಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು 1955ರಲ್ಲಿ ಒಂದು ವಿಚಾರ ಮಂಡಿಸಿದರು. ಅಮೇರಿಕೆಗೆ ಹೋಗಿಬಂದ ತಮ್ಮ ದೇಶದ ವಿದ್ವಾಂಸರನ್ನು ವಿಚಾರಿಸಿ, ಮನಸ್ಸು ಮೊದಲು ಉಲ್ಲಾಸದಲ್ಲಿದ್ದು, ಕೆಲವು ತಿಂಗಳಿಗೆ ಕುಸಿದು, ಮತ್ತೆ ಮೇಲೇಳುತ್ತದೆಂದು ಅವರು ಹೇಳಿದರು. ಎಲ್ಲರಿಗೂ ಹೀಗೆಯೇ ಆಗುವದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿದರೂ, ಕುಸಿತದ ಕಾಲವೊಂದು ಬರಬಹುದೆಂದು ಮೊದಲೇ ತಿಳಿದಿದ್ದವನಿಗೆ ಅದು ರೋಗವಾಗಿ ಕಾಣುವದಿಲ್ಲ. ಹೊಸತು ಹಳತಾಗಿರುತ್ತದೆ, ಭಾಷೆ ಇನ್ನೂ ಕೈಗೆ ಹತ್ತಿರುವದಿಲ್ಲ, ಚಳಿ ಹೆಚ್ಚುತ್ತದೆ, ಊರಲ್ಲಿ ದೀಪಾವಳಿ ನಡೆದಿರುತ್ತದೆ. ಆ ದಿನಗಳಲ್ಲಿ ಅಳು ಬಂದರೆ ಸೋತಂತಲ್ಲ. ಆದರೆ ಉಣ್ಣದೆ, ನಿದ್ರಿಸದೆ, ಕೋಣೆಯ ಬಾಗಿಲು ತೆರೆಯದೆ ವಾರಗಳು ಕಳೆದರೆ, ಶಿಕ್ಷಕರಿಗೂ ಮೇಲ್ವಿಚಾರಕರಿಗೂ ಹೇಳಲೇಬೇಕು.

ಪಾಲಕರು ಮಾಡಬೇಕಾದದ್ದೂ ಇದೆ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಮುಂದೆ. ಇಲ್ಲಿ ರಾತ್ರಿ ಊಟ ಮುಗಿಸಿ 9ಕ್ಕೆ ಫೋನು ಹಚ್ಚಿದರೆ ಅಲ್ಲಿ ನಡುರಾತ್ರಿ ಮೀರಿ ಅರ್ಧ ತಾಸು. ಸಂಜೆ 5ರ ಹೊತ್ತು ಇಬ್ಬರಿಗೂ ಅನುಕೂಲ. ದಿನಕ್ಕೆ ಮೂರು ಸಲ ಮುಖ ನೋಡುವ ಸಾಧನ ಇಂದು ಪ್ರತಿ ಜೇಬಿನಲ್ಲಿದೆ. ಅದರಿಂದಲೇ ಮಗು ಅಲ್ಲಿ ಬೇರೂರದೆ ಉಳಿಯುವದೂ ಉಂಟು. ವಾರಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಿಗೆ, ಬಿಚ್ಚುಮನಸ್ಸಿನಿಂದ ಮಾತನಾಡುವದು ಲೇಸು. ‘ಏನು ಉಂಡಿ’ ಎಂದು ಕೇಳಿದ ಮೇಲೆ ‘ಇಂದು ಯಾರ ಕೂಡ ಮಾತಾಡಿದಿ’ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಗೆ ಉತ್ತರ ದಿನೇ ದಿನೇ ಚಿಕ್ಕದಾಗುತ್ತ ಬಂದರೆ ಎಚ್ಚರ ವಹಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಅಂಜಿಕೆಗೆ ಬೆಲೆ ಇದೆ. ಆದರೆ ಅಂಜಿಕೆಯೇ ತೀರ್ಪು ಆಗಬಾರದು. ಯಾವ ಸಂಸ್ಥೆ ಕಳಿಸುತ್ತದೆ, ಯಾವ ಮನೆಯಲ್ಲಿ ಇರುತ್ತಾಳೆ, ತೊಂದರೆಯಾದರೆ ಮನೆ ಬದಲಿಸುವ ಏರ್ಪಾಡು ಏನು, ಅಲ್ಲಿ ಹೊಣೆಗಾರರು ಯಾರು, ಈ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿರಿ. ಇವೇ ನಾಲ್ಕು ಪ್ರಶ್ನೆಗಳನ್ನು ಗಂಡುಮಕ್ಕಳಿಗೂ ಕೇಳಿರಿ. ಉತ್ತರ ಸರಿಯಾಗಿದ್ದರೆ ಇಬ್ಬರನ್ನೂ ಕಳಿಸಿರಿ.

ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಮಕ್ಕಳು ತಾವು ಬರಿಗೈಯವರೆಂದು ತಿಳಿದಿದ್ದಾರೆ. ವಿಭಕ್ತಿ, ಕೃದಂತ, ಅವ್ಯಯಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವದಕ್ಕೆ ಬದಲು, ಅವು ಇನ್ನೊಂದು ಭಾಷೆಯ ಬಾಗಿಲು ತೆರೆಯುವ ಕೀಲಿಕೈಗಳೆಂದು ನಾವು ಶಿಕ್ಷಕರು ತಿಳಿಸಿಕೊಡಬೇಕು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಡವೆಂದಲ್ಲ. ಜಪಾನಿನ ಸರಕಾರೀ ವೇತನದ ಆಯ್ಕೆಗೂ ಅದರ ಉಪಯೋಗವಿದೆ. ಆದರೆ ಇಂಗ್ಲಿಷ್ ಕಡಿಮೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನೇ ಬರೆಯದೆ ಕೂಡುವದು ಸಲ್ಲದು.

ನಮ್ಮಲ್ಲಿ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವದಿಲ್ಲ, ಅದು ಅಶುಭ. ‘ಹೋಗಿ ಬರತೇನಿ’ ಎನ್ನುತ್ತೇವೆ. ಜಪಾನಿನಲ್ಲಿ ಶಾಲೆಗೆ ಹೊರಟ ಮಗು ಬಾಗಿಲಲ್ಲಿ ನಿಂತು ‘ಇತ್ತೆಕಿಮಾಸು’ ಎನ್ನುತ್ತದೆ. ಅದರ ಅರ್ಥ ಹೋಗಿ ಬರುತ್ತೇನೆ ಎಂದೇ. ಒಳಗಿನಿಂದ ತಾಯಿ ‘ಇತ್ತೆರಾಶ್ಶಾಯ್’ ಎನ್ನುತ್ತಾಳೆ. ಹೋಗಿ ಬಾ ಎಂದು. ಸಂಜೆ ಮರಳಿದಾಗ ‘ತದಾಯಿಮಾ’, ಎಂದರೆ ‘ಇದೀಗ ಬಂದೆ’. ವಿದ್ಯಾರ್ಥಿ ಆ ದೇಶದಲ್ಲಿ ನೆಲೆಗೊಂಡನೋ ಇಲ್ಲವೋ ಎಂಬದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ಪರರ ಮನೆಯ ಬಾಗಿಲಲ್ಲಿ ಜೋಡು ಬಿಡುತ್ತ ಈ ಮಾತು ತಡವರಿಸದೆ ಬಾಯಿಗೆ ಬಂದ ದಿನ, ಅವನ ವಾಸ ಅಲ್ಲಿ ಊರಿತೆಂದು ತಿಳಿಯಬಹುದು.